ಮಕ್ಕಳ ಕೋಣೆ ಮಹಡಿಯಲ್ಲೋ ಕೆಳಗೋ

ಆ ಮನೆಗೆ ಬೋರ್ಡು ಇರಲಿಲ್ಲ. ಗೇಟಿನ ಮೇಲಿದ್ದ ನಂಬರು ಮಾಸಿಹೋಗಿತ್ತು. ಅದಕ್ಕೆ ಮತ್ತೆ ಬಣ್ಣ ಹಚ್ಚಿಸಬೇಡಿ ಎಂದು ದೊಡ್ಡಮ್ಮನೇ ತಾಕೀತು ಮಾಡಿದ್ದರು. ಹಿಂದೆ ಹಲ್ಲಿನ ಡಾಕ್ಟರೊಬ್ಬರ ಆಸ್ಪತ್ರೆಯಾಗಿದ್ದ ಎರಡು ಅಂತಸ್ತಿನ ಕಟ್ಟಡ ಅದು. ಹೊಡೆಯುವ ಗಂಡಂದಿರಿಂದ ತಪ್ಪಿಸಿಕೊಂಡು ಉಟ್ಟ ಬಟ್ಟೆಯಲ್ಲೇ ಓಡಿಬಂದ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿರುತ್ತಿದ್ದರು. ಹನ್ನೊಂದು ವರ್ಷದಲ್ಲಿ ಒಬ್ಬನೇ ಒಬ್ಬ ಗಂಡ ಬಂದು ಆ ಬಾಗಿಲು ತಟ್ಟಿರಲಿಲ್ಲ. ಅದು ದೊಡ್ಡಮ್ಮನ ಹೆಮ್ಮೆ. ಬಾಯಿಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ, ಅಷ್ಟೆ.

ದೊಡ್ಡಮ್ಮ ಎಂದು ಎಲ್ಲರೂ ಕರೆಯುತ್ತಿದ್ದುದು ಆ ಮನೆಯ ಮೇಲ್ವಿಚಾರಕಿಯನ್ನು. ಮೂವತ್ತು ವರ್ಷ ಸರ್ಜರಿ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ನಡೆದರೆ ಚಪ್ಪಲಿಯ ಸದ್ದಾಗುತ್ತಿರಲಿಲ್ಲ. ಕೋಪ ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಆ ಇಳಿದ ದನಿಗೆ ಇಡೀ ಮನೆ ಗಪ್‌ಚುಪ್ಪಾಗುತ್ತಿತ್ತು. ಹೊಸದಾಗಿ ಬಂದವಳು ಮುಖ ತೊಳೆದು ಒಂದು ಲೋಟ ಟೀ ಕುಡಿದ ಮೇಲೆ ದೊಡ್ಡಮ್ಮ ಕೈಚಾಚುತ್ತಿದ್ದರು. “ಫೋನ್ ಕೊಡಮ್ಮ. ಅಳಬೇಡ, ಮಾರಿಕೊಳ್ಳಲ್ಲ. ಆಫ್ ಮಾಡಿ ಬೀರುವಿನಲ್ಲಿ ಇಡ್ತೀನಿ. ನೀನೆಷ್ಟು ದೂರ ಓಡಿಬಂದಿದ್ದೀಯೋ, ಇದು ಅಷ್ಟೂ ದಾರೀನ ಅವನಿಗೆ ಹೇಳಿಕೊಡುತ್ತೆ.” ಮನೆಗೆ ತಂತಿಯ ಫೋನೂ ಇರಲಿಲ್ಲ. ಅದರ ನಂಬರು ಹಿಡಿದು ಹೊರಟರೆ ವಿಳಾಸ ಸಿಗುತ್ತದೆ ಎಂದು ಅದನ್ನೂ ಕಿತ್ತುಹಾಕಿಸಿದ್ದರು. ಇದ್ದದ್ದು ಒಂದೇ ಮೊಬೈಲು, ದೊಡ್ಡಮ್ಮನ ಕೈಯಲ್ಲಿ.

ಆ ಮೊಬೈಲಿಗೆ ಸಿಗ್ನಲ್ ಸಿಗುವುದೇ ದೊಡ್ಡ ರಾಮಾಯಣವಾಗಿತ್ತು. ಅದರಲ್ಲೂ ಹಿಂದಿನ ಕೋಣೆಯಲ್ಲಿ ಬಹುತೇಕ ಸೊನ್ನೆ. ಅದು ಡಾಕ್ಟರ ಕಾಲದ ಎಕ್ಸ್‌ರೇ ಕೋಣೆ, ಗೋಡೆಯೊಳಗೆ ಸೀಸದ ತಗಡು. ಒಂದು ದಿನ ಬೆಳಗ್ಗೆ ಅದೇ ಕೋಣೆಯಲ್ಲಿ ಟೀಚರ್‌ಗೆ ಉಬ್ಬಸ ಏರಿತು. ಟೀಚರ್ ಎಂದರೆ ಆ ಮನೆಯಲ್ಲಿದ್ದ ಹೆಂಗಸರಲ್ಲೊಬ್ಬಳು. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಅವಳ ತುಟಿ ನೀಲಿಯಾಗುತ್ತಿತ್ತು, ದೊಡ್ಡಮ್ಮ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದರು, ಮೂರು ಸಲ ಮಾಡಿದರೂ “ಹಲೋ” ಅನ್ನುವಷ್ಟರಲ್ಲಿ ಕಟ್ಟಾಯಿತು. ಕೊನೆಗೆ ತಾರಸಿಗೆ ಓಡಿ ಕರೆ ಮಾಡಿದರು. ಆಂಬುಲೆನ್ಸ್ ಬಂತು, ಟೀಚರ್ ಬದುಕಿದಳು. ಆದರೆ ದೊಡ್ಡಮ್ಮನ ಮನಸ್ಸಿಗೆ ಅದು ಮುಳ್ಳಿನಂತೆ ಚುಚ್ಚಿಕೊಂಡೇ ಉಳಿಯಿತು. ಮೂವತ್ತು ವರ್ಷ ನರ್ಸಾಗಿದ್ದು ಕೈಕಟ್ಟಿ ನಿಂತಂತಾಯಿತಲ್ಲ ಎಂದು.

ಮೊಬೈಲ್ ಅಂಗಡಿಯವನನ್ನು ಕೇಳಿದಾಗ ಅವನು ಒಂದು ಆ್ಯಪ್ ಹೇಳಿದ. ಅದನ್ನು ಹಾಕಿಕೊಂಡು ಮನೆಯೆಲ್ಲ ಓಡಾಡಿದರೆ ಎಲ್ಲಿ ಸಿಗ್ನಲ್ ಎಷ್ಟಿದೆ ಅಂತ ಬಣ್ಣದ ಚುಕ್ಕೆಗಳಲ್ಲಿ ತೋರಿಸುತ್ತದಂತೆ. ಹಸಿರು ಅಂದರೆ ಚೆನ್ನಾಗಿದೆ, ಕೆಂಪು ಅಂದರೆ ಇಲ್ಲ. ದೊಡ್ಡಮ್ಮ ಹಾಕಿಕೊಂಡರು. ಕನ್ನಡಕ ಏರಿಸಿಕೊಂಡು ಒಂದೊಂದೇ ಪ್ರಶ್ನೆ ಓದಿದರು. ಔಷಧದ ಚೀಟಿ ಓದದೆ ಎಂದೂ ಸೂಜಿ ಚುಚ್ಚಿದವರಲ್ಲ ಅವರು. ನೀವಿರುವ ಸ್ಥಳ ತಿಳಿಯಲು ಅನುಮತಿ ಕೊಡುತ್ತೀರಾ ಎಂದು ಕೇಳಿತು. ‘ಬಳಸುವಾಗ ಮಾತ್ರ’ ಅಂತ ಒಂದು, ‘ಯಾವಾಗಲೂ’ ಅಂತ ಇನ್ನೊಂದು. ‘ಯಾವಾಗಲೂ’ ಒತ್ತಿದರೆ ಅಳತೆ ಹೆಚ್ಚು ಸರಿಯಾಗಿರುತ್ತದೆ ಎಂದು ಬರೆದಿತ್ತು. ಅಳತೆ ಸರಿಯಿರಬೇಕಲ್ಲ, ಒತ್ತಿದರು. ಅಳತೆಗಳನ್ನು ಹಂಚಿಕೊಳ್ಳಲು ಒಪ್ಪಿಗೆಯೇ ಎಂದು ಕೇಳಿದಾಗ ಅವರ ಬೆರಳು ನಿಂತಿತು. ಕೆಳಗೆ ಇನ್ನೊಂದು ಸಾಲಿತ್ತು: ‘ನಿಮ್ಮ ಹೆಸರು ಎಲ್ಲಿಯೂ ಕಾಣಿಸುವುದಿಲ್ಲ.’ ಹೆಸರಿಲ್ಲ ಅಂದ ಮೇಲೆ ಇನ್ನೇನು ಭಯ ಎಂದು ಅದಕ್ಕೂ ಹೂಂ ಅಂದರು.

ಮನೆಯೆಲ್ಲ ಓಡಾಡಿ ಅಳೆದರು. ಚಿಕ್ಕಮಕ್ಕಳು ಅವರ ಹಿಂದೆಯೇ ಸಾಲುಗಟ್ಟಿ ನಡೆದವು. ಯಾವ ಚುಕ್ಕೆ ಯಾವ ಕೋಣೆಯದು ಎಂದು ಮರೆಯದಿರಲಿ ಅಂತ ಪ್ರತಿ ಕಡೆಯೂ ಪುಟ್ಟ ಟಿಪ್ಪಣಿ ಬರೆದರು. ‘ಹೆಂಗಸರ ಕೋಣೆ ಒಂದು’, ‘ಹೆಂಗಸರ ಕೋಣೆ ಎರಡು’, ‘ಮಕ್ಕಳ ಕೋಣೆ’, ‘ಹೊಲಿಗೆ ಯಂತ್ರಗಳು’, ‘ವಕೀಲರು ಕೂರುವ ಜಾಗ’. ವಾರ್ಡಿನಲ್ಲಿ ಹಾಸಿಗೆಗೊಂದು ಚಾರ್ಟು ಬರೆದಂತೆ. ಕಡೆಗೆ ಮೆಟ್ಟಿಲಿನ ತಿರುವಿನಲ್ಲಿ ಒಂದು ಹಸಿರು ಚುಕ್ಕೆ ಸಿಕ್ಕಿತು. “ನೋಡ್ರೇ, ಇನ್ಮೇಲೆ ಯಾರಿಗೆ ಏನಾದ್ರೂ ಇಲ್ಲಿ ನಿಂತು ಫೋನ್ ಮಾಡಿ” ಎಂದು ಗೆದ್ದವರಂತೆ ಹೇಳಿದರು. ಹೊಲಿಗೆಯವಳು ನಕ್ಕಳು. “ದೊಡ್ಡಮ್ಮ, ನೀವು ಟೆಲಿಫೋನ್ ಇಲಾಖೇಲಿ ಇರಬೇಕಿತ್ತು.”

ಹೊಲಿಗೆಯವಳೂ ಗಂಡನಿಂದ ಓಡಿಬಂದವಳೇ, ಆ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಆರು ವರ್ಷದ ಮಗಳಿದ್ದಳು. ಆ ಮಗುವಿನ ಬಾಯಿ, ಕಣ್ಣು ನೋಡಿ ಎಲ್ಲರೂ ಅವಳನ್ನು ಚೂಟಿ ಎಂದೇ ಕರೆಯುತ್ತಿದ್ದರು. ಹೊಲಿಗೆಯವಳು ನಕ್ಕದ್ದು ಅಂದೇ ಮೊದಲು. ಆ ನಗೆ ಕೇಳಿ ದೊಡ್ಡಮ್ಮನಿಗೆ ಮನಸ್ಸು ತುಂಬಿಬಂದಿತ್ತು.

ಅದಾಗಿ ಮೂರು ವಾರ. ಒಂದು ಬುಧವಾರ, ಹನ್ನೊಂದು ಗಂಟೆಯ ಹೊತ್ತು. ದೊಡ್ಡಮ್ಮ ಕೆಳಗಿನ ಪುಟ್ಟ ಆಫೀಸಿನಲ್ಲಿ ಕೂತು ಮಕ್ಕಳ ಟಾನಿಕ್ಕಿನ ಲೆಕ್ಕ ನೋಡುತ್ತಿದ್ದರು. ಮೊಬೈಲು ಟಿಣ್ ಅಂದಿತು. ‘ನಿಮ್ಮ ಟಿಪ್ಪಣಿಗೆ ಒಬ್ಬರು ಉತ್ತರ ಬರೆದಿದ್ದಾರೆ’ ಎಂದಿತ್ತು. ಟಿಪ್ಪಣಿಯೇ? ಯಾವ ಟಿಪ್ಪಣಿ? ಒತ್ತಿ ನೋಡಿದರು.

‘ಮಕ್ಕಳ ಕೋಣೆ’ ಎಂದು ತಾವು ಬರೆದದ್ದು ಮೇಲಿತ್ತು. ಅದರ ಕೆಳಗೆ ಯಾರೋ ಬರೆದಿದ್ದರು:

‘ಮಕ್ಕಳ ಕೋಣೆ ಮಹಡಿಯಲ್ಲೋ ಕೆಳಗೋ?’

ದೊಡ್ಡಮ್ಮ ಕನ್ನಡಕ ಏರಿಸಿಕೊಂಡರು. ಆ ಸಾಲನ್ನು ಇನ್ನೊಂದು ಸಲ ಓದಿದರು. ಮೇಲಿನ ಮಹಡಿಯಲ್ಲಿ ಮಕ್ಕಳು ಧಡಧಡ ಓಡಾಡುವ ಸದ್ದು ಕೇಳುತ್ತಿತ್ತು. ನಕ್ಷೆ ತೆರೆದರು. ಇಷ್ಟು ದಿನ ಅವರು ಅದನ್ನು ಮನೆಯೊಳಗಿನ ಚುಕ್ಕೆಗಳಷ್ಟೇ ಕಾಣುವಂತೆ ಹತ್ತಿರದಿಂದ ನೋಡಿದ್ದರೇ ಹೊರತು ಹಿಂದೆ ಸರಿಸಿ ಊರನ್ನೆಲ್ಲ ನೋಡಿರಲಿಲ್ಲ. ಈಗ ಸರಿಸಿದರು. ಊರಿನ ಬೇರೆ ಕಡೆ ಚುಕ್ಕೆಗಳು ಕಿಕ್ಕಿರಿದಿದ್ದರೂ ಈ ಸುತ್ತಿನ ಬೀದಿಗಳಲ್ಲಿ ಬೇರೆ ಯಾರೂ ಆ ಆ್ಯಪ್ ಬಳಸಿದಂತಿರಲಿಲ್ಲ. ಆ ಬೋಳು ಜಾಗದ ಮೇಲೆ ಒಂದೇ ಒಂದು ಚುಕ್ಕೆಸಾಲು, ಇರುವೆ ಸಾಲಿನ ಹಾಗೆ. ಅದು ಕೌಟುಂಬಿಕ ನ್ಯಾಯಾಲಯದ ಗೇಟಿನಿಂದ ಹೊರಟು, ಬಸ್ ಸ್ಟಾಪಿಗೆ ಬಂದು, ಔಷಧದ ಅಂಗಡಿಯ ಮುಂದೆ ತಿರುಗಿ, ಸೀದಾ ಈ ಮನೆಯೊಳಗೆ ಹೊಕ್ಕಿತ್ತು. ಪ್ರತಿ ಚುಕ್ಕೆಗೂ ತಾರೀಖು, ಗಂಟೆ. ಮಂಗಳವಾರ, ಮಂಗಳವಾರ, ಮಂಗಳವಾರ. ವಾರವಾರವೂ ಹೆಂಗಸರನ್ನು ಕೇಸಿಗೆ ಕರೆದುಕೊಂಡು ಹೋಗಿ ಬಂದ ದಾರಿ. ಎರಡು ಆಟೋ ಬದಲಿಸಿ, ಸುತ್ತಿ ಬಳಸಿ, ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಕತ್ತು ನೋಯುವಷ್ಟು ತಿರುಗಿ ನೋಡಿ ಬಂದ ದಾರಿ.

ಹೆಸರು ಎಲ್ಲಿಯೂ ಕಾಣಿಸುತ್ತಿರಲಿಲ್ಲ. ಆ್ಯಪು ಸುಳ್ಳು ಹೇಳಿರಲಿಲ್ಲ.

ಬೆಂಕಿ ಬಿದ್ದ ಬಟ್ಟೆ ಎಸೆಯುವಂತೆ ಆ ಆ್ಯಪನ್ನು ಫೋನಿನಿಂದ ಅಳಿಸಿ ಹಾಕಿದರು. ಒಂದು ಉಸಿರು ಬಿಟ್ಟರು. ಮತ್ತೆ ಅನುಮಾನ ಬಂದು ಮೊಬೈಲಿನಲ್ಲೇ ಆ ಕಂಪನಿಯ ವೆಬ್‌ಪುಟ ತೆರೆದರು. ಇರುವೆ ಸಾಲು ಅಲ್ಲೇ ಇತ್ತು. ಪ್ರಶ್ನೆಯೂ ಅಲ್ಲೇ ಇತ್ತು. ಪುಟದ ಬುಡದಲ್ಲಿ ಸಹಾಯಕ್ಕೆಂದು ಕೊಟ್ಟಿದ್ದ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಮೆಟ್ಟಿಲಿನ ತಿರುವಿಗೆ ಹೋಗಿ ನಿಂತರು.

ನಾಲ್ಕನೇ ರಿಂಗಿಗೆ ಒಬ್ಬ ಗಂಡಸು ಎತ್ತಿದ. ಹಿಂದಿನಿಂದ ಕುಕ್ಕರ್ ಕೂಗುವ ಸದ್ದು ಬಂತು. ದೊಡ್ಡ ಕಂಪನಿ, ನೂರಾರು ಜನ ಎಂದು ಅವರು ತಿಳಿದಿದ್ದರು. ಆಮೇಲೆ ಗೊತ್ತಾಯಿತು, ಆ ನಕ್ಷೆ ನಡೆಸುತ್ತಿದ್ದುದು ಇಬ್ಬರೇ, ಇವನು ಅದರಲ್ಲೊಬ್ಬ.

“ನನ್ನ ಚುಕ್ಕೆಗಳನ್ನ ಅಳಿಸ್ಬೇಕು, ಈಗಲೇ” ಅಂದರು ದೊಡ್ಡಮ್ಮ.

“ಅಳಿಸ್ಬಹುದು ಮೇಡಂ. ಆ್ಯಪ್ ಒಳಗೆ ಹನ್ನೆರಡು ಅಕ್ಷರದ ಒಂದು ಗುರುತು ಇರುತ್ತೆ. ಅದನ್ನ ಹೇಳಿ, ಆ ಫೋನಿಂದ ಬಂದಿದ್ದೆಲ್ಲ ತೆಗೀತೀನಿ.”

“ಆ್ಯಪ್ ತೆಗೆದು ಹಾಕ್ಬಿಟ್ಟೆ.”

“ಅಯ್ಯೋ. ಅದರ ಜೊತೆ ಗುರುತೂ ಹೋಯ್ತು. ಮತ್ತೆ ಹಾಕಿಕೊಂಡ್ರೆ ಹೊಸದು ಬರುತ್ತೆ, ಹಳೇದು ಬರಲ್ಲ. ಪರವಾಗಿಲ್ಲ, ಜಾಗ ಹೇಳಿ. ಯಾವ ರಸ್ತೆ, ಯಾವ ಮನೆ?”

ಅಂದಿನ ಆಂಬುಲೆನ್ಸಿನವರನ್ನು ಬಿಟ್ಟರೆ ಹನ್ನೊಂದು ವರ್ಷದಲ್ಲಿ ಈ ವಿಳಾಸವನ್ನು ದೊಡ್ಡಮ್ಮ ಹಾಲಿನವನಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಮುಖ ನೋಡದ, ಊರು ಕೇರಿ ಗೊತ್ತಿಲ್ಲದ ಒಬ್ಬ ಗಂಡಸಿಗೆ ಹೇಳಬೇಕು. ಅಳಿಸುವುದಕ್ಕೋಸ್ಕರ ಹೇಳಬೇಕು. ಇವನು ಯಾರೋ, ಎಂಥವನೋ. ಆ ಪ್ರಶ್ನೆ ಬರೆದವನು ಇವನೇ ಆಗಿದ್ದರೆ?

“ಹೇಳಕ್ಕಾಗಲ್ಲ” ಅಂದರು.

“ಹೇಳದೆ ಹೇಗೆ ಮೇಡಂ ಅಳಿಸೋದು?”

“ನಿಮ್ಮನ್ನ ನಾನು ಯಾಕೆ ನಂಬ್ಬೇಕು?”

ನಂಬಿ ಮೇಡಂ, ನಾವು ಅಂಥವರಲ್ಲ ಎಂದು ಶುರುಮಾಡುತ್ತಾನೆ ಎಂದುಕೊಂಡಿದ್ದರು. ಅವನು ಹಾಗನ್ನಲಿಲ್ಲ. “ನಂಬ್ಬೇಕು ಅಂತೇನಿಲ್ಲ” ಅಂದ ನಿಧಾನವಾಗಿ. “ನೀವು ಫೋನ್ ಮಾಡಿದ್ದಕ್ಕೆ ನಿಮ್ಮ ನಂಬರ್ ಆಗ್ಲೇ ನನ್ನ ಹತ್ರ ಬಂದಿದೆ. ಅದೂ ನಿಮಗೆ ಗೊತ್ತಿರಲಿ. ಏನಾಯ್ತು ಅಂತ ಹೇಳ್ಬೇಕು ಅನ್ನಿಸಿದ್ರೆ ಹೇಳಿ.”

ದೊಡ್ಡಮ್ಮ ಕಣ್ಣುಮುಚ್ಚಿ ಗೋಡೆಗೊರಗಿದರು. “ಇದು ಹೆಂಗಸರು ಬಚ್ಚಿಟ್ಟುಕೊಂಡಿರೋ ಮನೆ” ಅಂದರು. “ಯಾರೋ ಒಬ್ಬ ನಮ್ಮ ಮಕ್ಕಳ ಕೋಣೆ ಎಲ್ಲಿದೆ ಅಂತ ಕೇಳ್ತಿದ್ದಾನೆ.”

“ಟಿಪ್ಪಣಿ ಎಲ್ಲರಿಗೂ ಕಾಣುತ್ತೆ ಅಂತ ನಾವು ಎಲ್ಲೂ ದೊಡ್ಡದಾಗಿ ಬರೆದಿಲ್ಲ” ಅಂದ. ತನಗೆ ತಾನೇ ಹೇಳಿಕೊಂಡಂತೆ.

“ಬರೆದೋನು ಯಾರು, ಅದನ್ನ ಹೇಳಿ.”

“ಅದು... ಅದನ್ನ ಹೇಳೋ ಹಾಗಿಲ್ಲ ಅಮ್ಮ. ಬಳಸೋರ ಗುಟ್ಟು ಕಾಪಾಡ್ತೀವಿ ಅಂತ ಮಾತು ಕೊಟ್ಟಿದ್ದೀವಿ. ಪೊಲೀಸರ ಪತ್ರ ಬಂದ್ರೆ ಒಂದು ನಿಮಿಷಾನೂ ತಡ ಮಾಡಲ್ಲ.”

“ಅವನ ಗುಟ್ಟು ಕಾಪಾಡ್ತೀರಿ” ಅಂದರು ದೊಡ್ಡಮ್ಮ. ದನಿ ಇಳಿದಿತ್ತು.

ಆಗ ಅವರಿಗೊಂದು ಉಪಾಯ ಹೊಳೆಯಿತು. ಊರಿನ ಹೆಸರು ಹೇಳಿದರು. “ರೈಲ್ವೆ ಹಳಿಯಿಂದ ಪೂರ್ವಕ್ಕೆ ಇರೋದನ್ನೆಲ್ಲ ಅಳಿಸಿ. ಅರ್ಧ ಊರು. ಕೋರ್ಟೂ ಅದರಲ್ಲೇ ಬರುತ್ತೆ. ನಮ್ಮದು ಯಾವುದು ಅಂತ ನೀವು ನೋಡೋದೂ ಬೇಡ, ನಾನು ಹೇಳೋದೂ ಬೇಡ.”

“ನೋಡದೇ ಅಳಿಸ್ತೀನಿ” ಅಂದ. ಕೀಲಿಗಳ ಟಕಟಕ ಕೇಳಿಸಿತು. ಎಷ್ಟೋ ಜನ ಎರಡು ವರ್ಷ ಓಡಾಡಿ ಕೂಡಿಸಿದ ಹನ್ನೊಂದು ಸಾವಿರ ಅಳತೆ ಅಲ್ಲಿತ್ತು ಎಂದು ಅವನು ಆಮೇಲೆ ಪತ್ರದಲ್ಲಿ ಬರೆದ, ಆಗ ಹೇಳಲಿಲ್ಲ. “ಹೋಯ್ತು. ಆದ್ರೆ ಒಂದು ಮಾತು ಮುಚ್ಚಿಡಬಾರದು ಅಮ್ಮ. ಪ್ರತಿ ಭಾನುವಾರ ಇಡೀ ನಕ್ಷೆ ಯಾರು ಬೇಕಾದ್ರೂ ಇಳಿಸಿಕೊಳ್ಳೋ ಹಾಗೆ ಇಡ್ತಿದ್ವಿ. ಮೂರು ಭಾನುವಾರ ಆಗಿದೆ. ಇಳಿಸಿಕೊಂಡೋರ ಹತ್ರ ಇರೋದನ್ನ ನಾನು ಅಳಿಸೋಕಾಗಲ್ಲ.”

ದೊಡ್ಡಮ್ಮ ಫೋನ್ ಇಟ್ಟರು. ಮರುಕ್ಷಣವೇ ವಕೀಲೆಗೆ ಕರೆ ಮಾಡಿದರು. ಈ ಹೆಂಗಸರ ಕೇಸುಗಳನ್ನೆಲ್ಲ ನಡೆಸುತ್ತಿದ್ದವರು ಅವರು. ಮಾತು ಮುಗಿಯುವ ಮೊದಲೇ ವಕೀಲೆ ಹೇಳಿದರು, “ಖಾಲಿ ಮಾಡೋಣ ದೊಡ್ಡಮ್ಮ. ಐದು ಗಂಟೆಗೆ ವ್ಯಾನ್ ಕಳಿಸ್ತೀನಿ. ಅಲ್ಲೀವರೆಗೆ ಯಾರಿಗೂ ಬಾಗಿಲು ತೆಗೀಬೇಡಿ.”

ಇನ್ನು ಹೆಂಗಸರಿಗೆ ಹೇಳಬೇಕಿತ್ತು. ಹೇಳದೆ, ಏನೋ ಒಂದು ನೆಪ ಹೂಡಿ ವ್ಯಾನು ಹತ್ತಿಸಬಹುದಿತ್ತು. ಆ ಆಸೆ ಅವರಿಗೆ ಬರಲಿಲ್ಲವೆಂದಲ್ಲ. ಆದರೆ ಹೊಲಿಗೆ ಕೋಣೆಗೆ ಹೋಗಿ, ಯಂತ್ರಗಳನ್ನೆಲ್ಲ ನಿಲ್ಲಿಸಿ ಅಂದು, ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ತಾನು ಒತ್ತಿದ್ದು, ತಾನು ಬರೆದದ್ದು, ಒಂದೂ ಬಿಡಲಿಲ್ಲ. ಒಂಬತ್ತು ಹೆಂಗಸರಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಎಲ್ಲರೂ ಅವರವರ ಗಂಡನೇ ಇರಬೇಕೆಂದು ಲೆಕ್ಕಹಾಕುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು.

“ಏನಂತ ಕೇಳಿದ್ದಾನೆ? ಅವನು ಬರೆದ ಹಾಗೇ ಹೇಳಿ” ಅಂದಳು ಹೊಲಿಗೆಯವಳು.

ದೊಡ್ಡಮ್ಮ ಹೇಳಿದರು.

ಹೊಲಿಗೆಯವಳ ಕೈಯಲ್ಲಿದ್ದ ಕತ್ತರಿ ಮೇಜಿನ ಮೇಲೆ ಬಿತ್ತು. “ನಮ್ಮವರೇ” ಅಂದಳು. “ಹೊಡೆಯೋಕೆ ಮುಂಚೆ ಯಾವಾಗ್ಲೂ ಹೀಗೇ ಕೇಳ್ತಿದ್ರು. ಕೈಯಲ್ಲೋ ಬೆಲ್ಟಲ್ಲೋ? ಅಡುಗೆಮನೇಲೋ ಬಚ್ಚಲಲ್ಲೋ? ಎರಡರಲ್ಲಿ ಒಂದು ನಾನೇ ಆರಿಸ್ಬೇಕು. ಆರಿಸೋವರೆಗೂ ಕಾಯ್ತಿದ್ರು, ನಗ್ತಾ.” ಕತ್ತರಿಯನ್ನು ಎತ್ತಿ ಪೆಟ್ಟಿಗೆಗೆ ಹಾಕುತ್ತಾ ಹೇಳಿದಳು, “ಟವರ್ ಹತ್ತೋ ಕೆಲಸ ಅವರದು. ಎಲ್ಲಿ ಸಿಗ್ನಲ್ ಇಲ್ಲ ಅಂತ ಅಂಥ ನಕ್ಷೆ ನೋಡಿಕೊಂಡೇ ಹೊರಡೋದು.”

ಮಧ್ಯಾಹ್ನದ ಊಟವನ್ನು ಮಕ್ಕಳು ಮಾತ್ರ ಮಾಡಿದವು. ದೊಡ್ಡವರು ಗಂಟುಮೂಟೆ ಕಟ್ಟಿದರು. ಮೂರೂವರೆಗೆ ಎಲ್ಲರೂ ತಯಾರಾಗಿ ಎಕ್ಸ್‌ರೇ ಕೋಣೆಯಲ್ಲಿ ಕೂತಿದ್ದರು. ಅದಕ್ಕೆ ಕಿಟಕಿಯಿರಲಿಲ್ಲ, ಬಾಗಿಲು ಗಟ್ಟಿಯಾಗಿತ್ತು. ರಸ್ತೆಯಲ್ಲಿ ಗಾಡಿ ಹೋದರೆ ಸಾಕು, ದೊಡ್ಡಮ್ಮ ಎದ್ದು ಬಾಗಿಲಿಗೆ ಕಿವಿಗೊಡುತ್ತಿದ್ದರು. ಗಡಿಯಾರದ ಮುಳ್ಳು ಅಂಟಿಕೊಂಡಂತೆ ಕೂತಿತ್ತು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಯಾರೋ ಬೆಲ್ಲು ಬಾರಿಸಿದರು.

ಒಂದೇ ಸಲ, ಸಭ್ಯವಾಗಿ. ದೊಡ್ಡಮ್ಮ ಟೀಚರ್‌ಗೆ ಮೊಬೈಲು ಕೊಟ್ಟು ಮೆಟ್ಟಿಲಿನತ್ತ ಕೈತೋರಿಸಿದರು. ಟೀಚರ್ ಬಗ್ಗಿಕೊಂಡು ಹೋಗಿ ತಿರುವಿನಲ್ಲಿ ಕುಕ್ಕರುಗಾಲಲ್ಲಿ ಕೂತಳು. ದೊಡ್ಡಮ್ಮ ಮುಂಬಾಗಿಲಿಗೆ ಬಂದರು. ಮರದ ಬಾಗಿಲಿನ ನಡುವೆ ಅಂಗೈಯಗಲದ ಪುಟ್ಟ ಕಿಂಡಿ, ಅದಕ್ಕೆ ಕಬ್ಬಿಣದ ಜಾಲರಿ. ಕಿಂಡಿ ಸರಿಸಿದರು.

ಹಳದಿ ಜಾಕೆಟ್ಟು, ಕಂಕುಳಲ್ಲಿ ಹೆಲ್ಮೆಟ್ಟು, ಸೊಂಟಕ್ಕೆ ಹಗ್ಗ ಕೊಕ್ಕೆಗಳ ದಪ್ಪ ಪಟ್ಟಿ. ನೀಟಾಗಿ ಬಾಚಿದ ತಲೆ. ಯಾರ ಮನೆಯ ಅಳಿಯನೋ ಅನ್ನುವಂಥ ಮುಖ.

“ನಮಸ್ಕಾರ ಅಮ್ಮ. ಸಿಗ್ನಲ್ ಕಂಪ್ಲೇಂಟ್ ಬಂದಿತ್ತು. ಒಳಗೆ ಒಂದ್ಸಲ ಚೆಕ್ ಮಾಡ್ಬೇಕಿತ್ತು.”

“ನಾವ್ಯಾರೂ ಕಂಪ್ಲೇಂಟ್ ಕೊಟ್ಟಿಲ್ಲಪ್ಪ. ನಾನೊಬ್ಬಳೇ ಇರೋದು.”

“ಒಬ್ರೇನಾ?” ಅವನು ಗೇಟಿನತ್ತ ಕತ್ತು ತಿರುಗಿಸಿದ. ಅಂಗಳದ ತಂತಿಯ ಮೇಲೆ ಪುಟ್ಟ ಫ್ರಾಕುಗಳು, ಚಡ್ಡಿಗಳು ಒಣಗುತ್ತಿದ್ದವು. ಎಲ್ಲ ಕಟ್ಟಿಟ್ಟರೂ ಅವನ್ನು ತೆಗೆಯಲು ಮರೆತಿದ್ದರು. “ಮೊಮ್ಮಕ್ಕಳು ಜಾಸ್ತಿ ಅನ್ಸುತ್ತೆ.”

ಕಿಂಡಿಯಲ್ಲಿ ಇವನಿಗೆ ಮುಖ ಒಂದೇ ತಾನೇ ಕಾಣುವುದು ಎಂದು ದೊಡ್ಡಮ್ಮ ಮುಖವನ್ನು ಕಲ್ಲು ಮಾಡಿಕೊಂಡರು.

“ಹೋಗಿ ಬಾಪ್ಪ. ನಮಗೇನೂ ಬೇಡ.”

“ಹಿಂದಿನ ಕೋಣೇಲಿ ಏನೂ ಬರಲ್ಲ, ಅಲ್ವಾ ಅಮ್ಮ?” ಅವನು ಜಾಲರಿಯ ಹತ್ತಿರಕ್ಕೆ ಬಾಗಿ ಮೆಲ್ಲಗೆ ಅಂದ. ಬಾಯಿಂದ ಏಲಕ್ಕಿಯ ವಾಸನೆ ಬಂತು. “ಮೆಟ್ಟಿಲ ಹತ್ರ ಮಾತ್ರ ಚೆನ್ನಾಗಿದೆ. ಎಷ್ಟು ಚೆನ್ನಾಗಿ ಬರೆದಿಟ್ಟಿದ್ದೀರಿ. ನನ್ನ ಕೆಲಸ ಎಷ್ಟೋ ಹಗುರ ಆಯ್ತು.” ಆಮೇಲೆ, “ನಾನು ಕಾಯ್ಲೋ, ಅಥವಾ ಹಿಂದಿನಿಂದ ಬರ್ಲೋ? ನೀವೇ ಹೇಳಿ.”

ದೊಡ್ಡಮ್ಮ ಕಿಂಡಿ ಮುಚ್ಚಿದರು.

ಅವನು ಬಾಗಿಲು ಒದೆಯಲಿಲ್ಲ. ಕೂಗಾಡಲಿಲ್ಲ. ಎದುರು ಮನೆಯ ಕಟ್ಟೆಯ ಮೇಲೆ ಕೂತು ಫೋನು ನೋಡತೊಡಗಿದ. ಸಂದಿಯಿಂದ ನೋಡುತ್ತಿದ್ದ ದೊಡ್ಡಮ್ಮನಿಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಹಿಂದಿನ ಬಾಗಿಲ ಅಗಳಿ ಹಾಕಿದ್ದೆನೋ ಇಲ್ಲವೋ ಎಂದು ಎರಡು ಸಲ ಓಡಿ ಓಡಿ ನೋಡಿಬಂದರು. ಮೆಟ್ಟಿಲ ತಿರುವಿನಿಂದ ಟೀಚರ್ ಪಿಸುಗುಟ್ಟಿದಳು, “ಪೊಲೀಸರು ಬರ್ತಿದ್ದಾರಂತೆ.” ಅವಳ ಉಸಿರು ಸಿಳ್ಳೆ ಹೊಡೆಯುತ್ತಿತ್ತು.

ಹದಿನೆಂಟು ನಿಮಿಷದ ಮೇಲೆ ಜೀಪು ಬಂತು. ಒಬ್ಬರು ಮಹಿಳಾ ಇನ್ಸ್‌ಪೆಕ್ಟರು, ಇಬ್ಬರು ಪೇದೆಗಳು. ಅವನು ಎದ್ದು ನಿಂತು ಸಲ್ಯೂಟು ಹೊಡೆದು ಕೆಲಸದ ಕಾರ್ಡು ತೋರಿಸಿದ. ಈ ರಸ್ತೆಯಲ್ಲಿ ಸಿಗ್ನಲ್ ಸರಿಯಿಲ್ಲ ಎಂಬುದು ನಿಜವೇ ಆಗಿತ್ತು. ಕಾರ್ಡೂ ನಿಜದ್ದೇ. ದೊಡ್ಡಮ್ಮ ಬಾಗಿಲನ್ನು ಸರಪಣಿ ಬಿಡುವಷ್ಟೇ ತೆರೆದು ನಿಂತಿದ್ದರು.

“ಇವನ ಹೆಂಡತಿಯ ಹತ್ತಿರ ಇನ್ನೂರು ಮೀಟರ್ ಒಳಗೆ ಇವನು ಬರಬಾರದು ಅಂತ ಕೋರ್ಟಿನ ಆದೇಶ ಇದೆ ಅಂತ ಫೋನಲ್ಲಿ ಹೇಳಿದ್ರಿ” ಅಂದರು ಇನ್ಸ್‌ಪೆಕ್ಟರು. “ಆಕೆ ಇಲ್ಲಿದ್ದಾರಾ? ಇದ್ರೆ ಇವನನ್ನ ಕರ್ಕೊಂಡು ಹೋಗ್ತೀನಿ. ಇಲ್ಲ ಅಂದ್ರೆ, ರಸ್ತೇಲಿ ಕೂತಿದ್ದಕ್ಕೆ ನಾನೇನೂ ಮಾಡೋಕಾಗಲ್ಲ.”

ಅವನು ಹೆಲ್ಮೆಟ್ಟಿನ ಪಟ್ಟಿ ತಿರುವುತ್ತಾ ದೊಡ್ಡಮ್ಮನನ್ನೇ ನೋಡುತ್ತಿದ್ದ. ಅವನಿಗೆ ಬೇಕಾದದ್ದು ಅದೇ ಉತ್ತರ. ಇದ್ದಾಳೆ ಅಂದರೆ ಹನ್ನೊಂದು ವರ್ಷದ ಗುಟ್ಟನ್ನು ಬೀದಿಯಲ್ಲಿ ನಿಂತು ತಾವೇ ಒಪ್ಪಿದಂತೆ. ಇಲ್ಲ ಅಂದರೆ ಅವನು ಹೊರಟುಹೋಗುತ್ತಾನೆ, ರಸ್ತೆಯ ಕೊನೆಯಲ್ಲಿ ವ್ಯಾನಿಗಾಗಿ ಕಾಯುತ್ತಾನೆ.

“ಅಂಥೋರು ಯಾರೂ ಇಲ್ಲಿ...” ಎಂದು ಶುರುಮಾಡಿದರು ದೊಡ್ಡಮ್ಮ.

“ಇದ್ದೀನಿ” ಎಂದು ಬೆನ್ನ ಹಿಂದಿನಿಂದ ದನಿ ಬಂತು.

ಹೊಲಿಗೆಯವಳು ಆದೇಶದ ಪ್ರತಿ ಹಿಡಿದು ನಿಂತಿದ್ದಳು. “ಸರಪಣಿ ತೆಗೀರಿ ದೊಡ್ಡಮ್ಮ.”

“ನೀನು ಒಳಗೆ ಹೋಗು.”

“ಅವರಿಗೆ ಗೊತ್ತಾಗಿದೆ. ಗೊತ್ತಿಲ್ಲ ಅಂತ ನಾವು ನಾಟಕ ಆಡಿದ್ರೆ ಅವರಿಗೇ ಅನುಕೂಲ. ತೆಗೀರಿ.”

ದೊಡ್ಡಮ್ಮ ತೆಗೆದರು. ಅವಳು ಹೊಸಿಲಿನಾಚೆ ಎರಡೇ ಹೆಜ್ಜೆ ಇಟ್ಟು ಕಾಗದವನ್ನು ಇನ್ಸ್‌ಪೆಕ್ಟರ ಕೈಗೆ ಕೊಟ್ಟಳು. ಗಂಡನ ಕಡೆ ನೋಡಲಿಲ್ಲ. “ಇಲ್ಲಿಂದ ಅಲ್ಲಿಗೆ ಇನ್ನೂರು ಮೀಟರ್ ಇಲ್ಲ ಮೇಡಂ. ಬೇಕಾದ್ರೆ ಅಳೀರಿ.”

ಅವನ ಮುಖದ ನಗೆ ಮಾಸಿತು. “ಮನೆಗೆ ಬರ್ತೀಯೋ, ಇಲ್ಲ...” ಎಂದು ಅಭ್ಯಾಸಬಲದಿಂದ ಬಾಯಿಗೆ ಬಂದದ್ದನ್ನು ಪೊಲೀಸರ ಮುಂದೆಯೇ ಆಡಿಬಿಟ್ಟ. ಇನ್ಸ್‌ಪೆಕ್ಟರು ಕಾಗದದಿಂದ ತಲೆಯೆತ್ತಿದರು. “ಇಲ್ಲ ಅಂದ್ರೆ ಏನು? ಪೂರ್ತಿ ಹೇಳಪ್ಪ.” ಅವನು ಪೂರ್ತಿ ಹೇಳಲಿಲ್ಲ. ಜೀಪು ಅವನನ್ನು ಹತ್ತಿಸಿಕೊಂಡು ಹೋಯಿತು. ಹೊಲಿಗೆಯವಳು ಅಲ್ಲೇ ಹೊಸಿಲ ಮೇಲೆ ಕುಸಿದು ಕೂತಳು. ಒಳಗಿನಿಂದ ಚೂಟಿ ಓಡಿಬಂದು, “ಅಮ್ಮಾ, ಅಪ್ಪ ಹೋದ್ರಾ?” ಅಂತ ಅಷ್ಟೇ ಕೇಳಿದಳು.

ಅವನಿಗೆ ಐದನೇ ದಿನ ಜಾಮೀನು ಸಿಕ್ಕಿತು. ಅಷ್ಟರೊಳಗೆ ಆ ಮನೆಯಲ್ಲಿ ಒಂದು ಚಮಚವೂ ಉಳಿದಿರಲಿಲ್ಲ. ಒಂಬತ್ತು ಹೆಂಗಸರನ್ನು ಮೂರು ಊರುಗಳಿಗೆ ಹಂಚಿ ಕಳಿಸಿದ್ದರು; ಉಳಿಯುವ ಮನೆಯನ್ನು ಅವರವರೇ ಗೊತ್ತುಮಾಡಿಕೊಂಡಿದ್ದರು, ಯಾರಿಗೂ ಹೇಳಿರಲಿಲ್ಲ. ದೊಡ್ಡಮ್ಮ ವಕೀಲೆಯ ಮುಂದೆ ರಾಜೀನಾಮೆ ಪತ್ರ ಇಟ್ಟರು. ವಕೀಲೆ ಅದನ್ನು ಹರಿಯಲಿಲ್ಲ, ಒಪ್ಪಲೂ ಇಲ್ಲ. “ಹೊಸ ಮನೆ ಸಿಗೋವರೆಗೆ ನನ್ನ ಹತ್ರ ಇರಲಿ” ಎಂದು ಫೈಲಿಗೆ ಸೇರಿಸಿದರು. ನಕ್ಷೆಯವನಿಂದ ಮೊಬೈಲಿಗೆ ಉದ್ದದ ಪತ್ರ ಬಂತು. ಭಾನುವಾರದ ಪ್ರತಿ ನಿಲ್ಲಿಸಿದ್ದಾನಂತೆ. ಟಿಪ್ಪಣಿಗಳು ಇನ್ನುಮೇಲೆ ಬರೆದವರಿಗೆ ಮಾತ್ರ ಕಾಣುತ್ತವಂತೆ. ತಪ್ಪು ನಮ್ಮದು ಎಂದು ನಕ್ಷೆಯ ಮೊದಲ ಪುಟದಲ್ಲೇ ಬರೆದದ್ದಕ್ಕೆ ಬಳಸುವವರಲ್ಲಿ ಅರ್ಧದಷ್ಟು ಜನ ಬಿಟ್ಟುಹೋದರಂತೆ. ದೊಡ್ಡಮ್ಮ ಅದಕ್ಕೆ ಉತ್ತರ ಬರೆಯಲಿಲ್ಲ. ಬೇರೆ ಯಾರ ಬಳಿ ಆ ಪ್ರತಿಗಳಿವೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ತರಕಾರಿ ಕೊಳ್ಳುವಾಗ ಪಕ್ಕದಲ್ಲಿ ಯಾರಾದರೂ ಫೋನು ಮೇಲೆತ್ತಿದರೆ ಈಗಲೂ ಅವರ ಕೈ ಅಲ್ಲೇ ನಿಂತುಬಿಡುತ್ತಿತ್ತು.

ಹೊಲಿಗೆಯವಳು ಎಲ್ಲರಿಗಿಂತ ಕೊನೆಗೆ ಹೊರಟಳು. ಬೆಳಗಿನ ಹತ್ತು ಗಂಟೆಯ ಬಸ್ಸು. ಬಸ್ ಸ್ಟ್ಯಾಂಡಿನಲ್ಲಿ ಚೂಟಿ ಕಿಟಕಿ ಪಕ್ಕದ ಸೀಟು ಹಿಡಿಯಲು ಮೊದಲೇ ಹತ್ತಿದ್ದಳು.

“ಅಲ್ಲಿ ನಾವಿರೋ ಜಾಗ...” ಎಂದಳು ಹೊಲಿಗೆಯವಳು.

ದೊಡ್ಡಮ್ಮ ಎರಡು ಹೆಜ್ಜೆ ಹಿಂದೆ ಸರಿದರು. “ಹೇಳ್ಬೇಡ. ನನಗೆ ಬೇಡ. ನಾನು ಕಾಪಾಡಿದ್ದನ್ನ ನೋಡಿದ್ಯಲ್ಲ.”

“ದೊಡ್ಡಮ್ಮ, ನನಗೆ ಏನಾದ್ರೂ ಆದ್ರೆ ಇವಳು ಎಲ್ಲಿದ್ದಾಳೆ ಅಂತ ಗೊತ್ತಿರೋರು ಒಬ್ರಾದ್ರೂ ಬೇಕಲ್ಲ. ಅಮ್ಮನಿಗೆ ಹೇಳೋ ಹಾಗಿಲ್ಲ, ಅಣ್ಣನಿಗೆ ಹೇಳಿದ್ರೆ ಸಂಜೆಯೊಳಗೆ ಅವರಿಗೆ ಮುಟ್ಟುತ್ತೆ.”

“ವಕೀಲರಿಗೆ ಹೇಳು.”

“ವಕೀಲರು ಯಾವತ್ತೂ ತಪ್ಪು ಮಾಡಿಲ್ಲ. ಮಾಡಿದ್ರೆ ಒಪ್ಪಿಕೊಳ್ತಾರೋ ಇಲ್ವೋ ನನಗೆ ಗೊತ್ತಿಲ್ಲ.”

ಕಂಡಕ್ಟರು ಸೀಟಿ ಊದಿದ. ಹೊಲಿಗೆಯವಳು ದೊಡ್ಡಮ್ಮನ ಭುಜ ಹಿಡಿದು ಹತ್ತಿರಕ್ಕೆಳೆದು ಕಿವಿಯಲ್ಲಿ ಹೇಳಿದಳು. ಊರಿನ ಹೆಸರು, ರಸ್ತೆಯ ಹೆಸರು, ಮನೆಯ ಗುರುತು. ಬೆಲೆಬಾಳುವ ಔಷಧದ ಹೆಸರು ಕೇಳಿಕೊಂಡಂತೆ ದೊಡ್ಡಮ್ಮ ಕಣ್ಣುಮುಚ್ಚಿ ಕೇಳಿಕೊಂಡರು. ಬರೆದುಕೊಳ್ಳಲಿಲ್ಲ.

ಬಸ್ಸು ಹೊರಟಿತು. ಕಿಟಕಿಯಿಂದ ಚೂಟಿ ಕೈಬೀಸಿದಳು. ದೊಡ್ಡಮ್ಮ ಕೈಬೀಸಲು ಹೋಗಿ, ಸುತ್ತ ಒಮ್ಮೆ ನೋಡಿ, ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಆಮೇಲೆ ಬೇರೆ ಬೇರೆ ಊರುಗಳ ಮೂರು ಬಸ್ಸು ಹೋಗುವವರೆಗೂ ಅಲ್ಲಿಯೇ ನಿಂತು, ಒಂದೊಂದನ್ನೂ ತಾವು ಬೀಳ್ಕೊಡಲು ಬಂದದ್ದು ಇದನ್ನೇ ಅನ್ನುವಂತೆ ನೋಡಿ, ತಮ್ಮ ಮನೆಗೆ ಹೊರಟರು.